ಆರು ಜನರ ಡಿಟಿಪಿ ಆಫೀಸಿಗೆ ನೆಕ್ಸ್ಟ್‌ಕ್ಲೌಡ್, ಓನ್‌ಕ್ಲೌಡ್, ಸೀಫೈಲ್, ಸಿಂಕ್‌ಥಿಂಗ್ ಇವುಗಳಲ್ಲಿ ಯಾವುದು ಬೆಸ್ಟ್?

ಐದು ಜನ ಒಂದೇ ರೂಮಲ್ಲಿ, ಒಬ್ಬರು ಬೆಂಗಳೂರಲ್ಲಿ ಮನೆಯಿಂದ ಕೆಲಸ, ಮೂಲೇಲಿ ಹಳೇ ಡೆಸ್ಕ್‌ಟಾಪ್ ಒಂದು ಧೂಳು ಹಿಡಿದು ಕೂತಿದೆ, ಗೂಗಲ್ ಡ್ರೈವಿಗೆ ದುಡ್ಡು ಕಟ್ಟಿ ಕಟ್ಟಿ ಸಾಕಾಗಿದೆ, ಅದರ ಬದಲು ಫೈಲುಗಳನ್ನ ನಮ್ಮದೇ ಮಷೀನಲ್ಲಿಟ್ಟು ಹಂಚ್ಕೊಳ್ಳೋ ಈ ನಾಲ್ಕು ಸಾಫ್ಟ್‌ವೇರಲ್ಲಿ ಯಾವುದು ಅಂತ ಕೇಳಿದ್ದೀರಿ. ಓದ್ತಾ ಓದ್ತಾ ಇದು ನಮ್ಮಂಗಡಿ ಕಥೆನೇ ಅಲ್ವಾ ಅನ್ನಿಸ್ತು. ಶಿವಮೊಗ್ಗದಲ್ಲಿ ನಾನೂ ನಮ್ಮಣ್ಣನೂ ಸೇರಿ ಡಿಟಿಪಿ ನಡೆಸ್ತೀವಿ, ಲಗ್ನಪತ್ರಿಕೆ, ಬಿಲ್ ಬುಕ್ಕು, ಫ್ಲೆಕ್ಸು, ಎಲೆಕ್ಷನ್ ಬಂದ್ರೆ ಪಾಂಪ್ಲೆಟ್ಟು. ನಮ್ಮ ಆಸ್ತಿ ಅಂದ್ರೆ ಹಳೇ ಸಿಡಿಆರ್ ಫೈಲುಗಳೇ (ಕೋರಲ್‌ಡ್ರಾದಲ್ಲಿ ಮಾಡಿದ ಡಿಸೈನ್‌ಗಳು), ಯಾಕಂದ್ರೆ ಹತ್ತು ವರ್ಷದ ಹಿಂದೆ ಮಗಳ ಮದುವೆಗೆ ಪತ್ರಿಕೆ ಮಾಡಿಸ್ದೋರು ಈಗ ಮಗನ ಮದುವೆಗೆ ಬಂದು "ಅವತ್ತಿಂದೇ ಡಿಸೈನ್ ಇರ್ಲಿ, ಹೆಸ್ರು ಚೇಂಜ್ ಮಾಡಿ ಸಾಕು" ಅಂತಾರೆ.

2021ರ ಜೂನ್ 1ಕ್ಕೆ ಗೂಗಲ್ ಫೋಟೋಸ್ ಫ್ರೀ ಅನ್‌ಲಿಮಿಟೆಡ್ ನಿಲ್ಲಿಸಿ ಎಲ್ಲಾನೂ 15 ಜಿಬಿ ಲೆಕ್ಕಕ್ಕೆ ಸೇರಿಸ್ತಲ್ಲ, ನನ್ನ ಹುಚ್ಚು ಶುರುವಾಗಿದ್ದು ಆವಾಗ. ನೀವು ಈಗ ಮಾಡ್ತಿರೋದನ್ನೇ ಮಾಡಿದೆ. ಎಕ್ಸೆಲ್ ಶೀಟು ಮಾಡ್ಕೊಂಡು ಒಂದು ಕಡೆ ಸಾಫ್ಟ್‌ವೇರ್ ಹೆಸರುಗಳು, ಮೇಲ್ಗಡೆ ಫೀಚರ್‌ಗಳು, ಟಿಕ್ಕು, ಇಂಟು. ಕ್ಯಾಲೆಂಡರ್ ಇದೆಯಾ, ವಿಡಿಯೋ ಕಾಲ್ ಇದೆಯಾ, ಡಾರ್ಕ್ ಥೀಮ್ ಇದೆಯಾ. ಡಿಟಿಪಿ ಅಂಗಡಿಗೆ ವಿಡಿಯೋ ಕಾಲ್ ಯಾಕೆ ಅಂತ ಯಾರೂ ಕೇಳ್ಲಿಲ್ಲ, ನಾನೂ ಕೇಳ್ಕೊಳ್ಲಿಲ್ಲ. ಟಿಕ್ಕು ಜಾಸ್ತಿ ಬಿದ್ದಿದ್ದು ನೆಕ್ಸ್ಟ್‌ಕ್ಲೌಡಿಗೆ, ರಾಸ್ಪ್‌ಬೆರಿ ಪೈ 4 ಅನ್ನೋ ಅಂಗೈಯಗಲದ ಕಂಪ್ಯೂಟರ್ ತಂದು ಎರಡು ಯುಎಸ್‌ಬಿ ಹಾರ್ಡ್‌ಡಿಸ್ಕ್ ಸಿಗಿಸಿ ಹಾಕೇ ಬಿಟ್ಟೆ. ಒಂದರಲ್ಲಿ ಡೇಟಾ, ಇನ್ನೊಂದರಲ್ಲಿ ಬ್ಯಾಕಪ್. ಆ ಶೀಟಲ್ಲಿ ಬ್ಯಾಕಪ್ ಅನ್ನೋ ಕಾಲಮ್ಮೇ ಇರ್ಲಿಲ್ಲ ನೋಡಿ, ಅದನ್ನ ಕೊನೇಲಿ ಒಂದು ಭಾನುವಾರ ಸಂಜೆ ಕೂತು ಮುಗಿಸಿದ್ದು.

ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದ್ರೂ ಓದಿ, ಯಾಕಂದ್ರೆ ನಾನು ಮಾಡಿದ್ದು ಎರಡು ಕೆಲಸ, ಬಿಡಿಬಿಡಿಯಾಗಿ ನೋಡಿದ್ರೆ ಎರಡೂ ಸರಿಯೇ.

ಮೊದಲನೇದು. ಪೈಗೆ ಮಾನಿಟರ್ ಇರ್ಲಿಲ್ಲ, ಶೆಲ್ಫ್ ಮೇಲೆ ರೂಟರ್ ಪಕ್ಕದಲ್ಲಿ ಕೂತಿತ್ತು. ಲಿನಕ್ಸ್ ಬೂಟ್ ಆಗುವಾಗ ಯಾವ ಡಿಸ್ಕ್ ಯಾವ ಫೋಲ್ಡರ್ ಮೇಲೆ ಮೌಂಟ್ ಆಗ್ಬೇಕು, ಅಂದ್ರೆ ಯಾವ ಫೋಲ್ಡರಲ್ಲಿ ಕಾಣಿಸ್ಕೋಬೇಕು ಅನ್ನೋದನ್ನ ಎಫ್‌ಎಸ್‌ಟ್ಯಾಬ್ ಅನ್ನೋ ಫೈಲಲ್ಲಿ ಬರೆದಿರ್ತೀವಿ. ಅಲ್ಲಿ ಬರೆದಿರೋ ಡಿಸ್ಕ್ ಸಿಗ್ಲಿಲ್ಲ ಅಂದ್ರೆ ಮಷೀನು ಎಮರ್ಜೆನ್ಸಿ ಮೋಡಲ್ಲಿ ನಿಂತುಬಿಡುತ್ತೆ, ಮಾನಿಟರ್ ಕೀಬೋರ್ಡ್ ತಂದು ಸಿಗಿಸಿದ್ರೇನೇ ಮುಂದಕ್ಕೆ. ಆ ತಲೆನೋವು ಬೇಡ ಅಂತ "ನೋಫೇಲ್" ಅಂತ ಒಂದು ಪದ ಸೇರಿಸ್ತಾರೆ, ಆಗ ಡಿಸ್ಕ್ ಇಲ್ದಿದ್ರೂ ಬೂಟ್ ಆಗುತ್ತೆ. ನಾನೂ ಸೇರಿಸಿದೆ.

ಎರಡನೇದು. ದಿನಾ ಬೆಳಗಿನ ಜಾವ 3 ಗಂಟೆಗೆ ಆರ್‌ಸಿಂಕ್ ಅನ್ನೋ ಕಾಪಿ ಮಾಡೋ ಪ್ರೋಗ್ರಾಮ್ ಓಡ್ಲಿ ಅಂತ ಕ್ರಾನಲ್ಲಿ ಹಾಕಿದೆ, ಅದು ಟೈಮಿಗೆ ಸರಿಯಾಗಿ ಕೆಲಸ ಶುರು ಮಾಡ್ಸೋದು. ಡೇಟಾ ಡಿಸ್ಕಲ್ಲಿ ಇರೋದೆಲ್ಲ ಬ್ಯಾಕಪ್ ಡಿಸ್ಕಿಗೆ ಕಾಪಿ ಆಗ್ಬೇಕು, ಜೊತೆಗೆ "ಡಿಲೀಟ್" ಫ್ಲ್ಯಾಗು, ಅಂದ್ರೆ ಡೇಟಾದಲ್ಲಿ ಇಲ್ಲದ ಫೈಲು ಬ್ಯಾಕಪ್ಪಲ್ಲೂ ಇರ್ಬಾರ್ದು. ಅಚ್ಚುಕಟ್ಟಾಗಿರುತ್ತೆ, ಜಾಗ ಉಳಿಯುತ್ತೆ ಅಂತ.

ಮಳೆಗಾಲ, ರಾತ್ರಿ ಕರೆಂಟ್ ಹೋಗಿ ಬಂದು ಹೋಗಿ ಬಂದು ಆಟ ಆಡಿದೆ. ಡೇಟಾ ಡಿಸ್ಕ್ ಅದರಲ್ಲೇ ಸತ್ತಿದೆ. ಪೈ ಎದ್ದಿದೆ, ಡಿಸ್ಕ್ ಹುಡುಕಿದೆ, ಸಿಕ್ಕಿಲ್ಲ, ನೋಫೇಲ್ ಇದೆಯಲ್ಲ, ಪರವಾಗಿಲ್ಲ ಅಂತ ಮುಂದೆ ಹೋಗಿದೆ. ಈಗ ಡಿಸ್ಕ್ ಮೌಂಟ್ ಆಗ್ಬೇಕಿದ್ದ ಜಾಗದಲ್ಲಿ ಇರೋದು ಬರೀ ಖಾಲಿ ಫೋಲ್ಡರು, ಅದು ಎಸ್‌ಡಿ ಕಾರ್ಡಿಂದು. 3 ಗಂಟೆ ಆಯ್ತು. ಆರ್‌ಸಿಂಕ್ ಬಂದು ನೋಡಿದೆ, ಡೇಟಾದಲ್ಲಿ ಏನೂ ಇಲ್ಲ, ಓಹೋ ಓನರ್ ಎಲ್ಲಾ ಅಳಿಸಿದ್ದಾರೆ ಅಂತ ಬ್ಯಾಕಪ್ಪಲ್ಲಿ ಇದ್ದಿದ್ದನ್ನೂ ಒಂದೂ ಬಿಡದೆ ಅಳಿಸಿದೆ. ಆರ್‌ಸಿಂಕ್ ದಡ್ಡ ಏನಲ್ಲ, ಓದುವಾಗ ಡಿಸ್ಕ್ ಎರರ್ ಬಂದ್ರೆ ಅಳಿಸೋ ಕೆಲಸಾನ ತಾನೇ ನಿಲ್ಲಿಸುತ್ತೆ. ಆದ್ರೆ ಖಾಲಿ ಫೋಲ್ಡರ್ ಅನ್ನೋದು ಎರರ್ ಅಲ್ವಲ್ಲ. ಡಿಸ್ಕ್ ಅರೆಜೀವ ಆಗಿದ್ದಿದ್ರೆ ನಾನು ಬಚಾವಾಗ್ತಿದ್ದೆ, ಪೂರ್ತಿ ಸತ್ತಿದ್ದಕ್ಕೇ ಎಲ್ಲಾ ಹೋಯ್ತು. ನೋಫೇಲ್ ಹಾಕದೇ ಇದ್ದಿದ್ರೂ ಮಷೀನು ಬೂಟೇ ಆಗ್ತಿರ್ಲಿಲ್ಲ, ಕ್ರಾನ್ ಓಡ್ತಿರ್ಲಿಲ್ಲ, ಬೆಳಿಗ್ಗೆ ಬಂದು ಒಂದು ಡಿಸ್ಕ್ ಹೋಯ್ತಲ್ಲಪ್ಪಾ ಅಂತ ಬೈಕೊಂಡು ಸುಮ್ನಾಗ್ತಿದ್ದೆ.

ಬೆಳಿಗ್ಗೆ ನೆಕ್ಸ್ಟ್‌ಕ್ಲೌಡ್ ಓಪನ್ ಮಾಡಿದ್ರೆ ಡೇಟಾ ಡೈರೆಕ್ಟರಿ ಸರಿ ಇಲ್ಲ, ಚುಕ್ಕಿ ಓಸಿಡೇಟಾ ಅನ್ನೋ ಫೈಲ್ ಕಾಣ್ತಿಲ್ಲ ಅಂತ ಮೆಸೇಜು. ಅದೊಂದು ಗುರುತಿನ ಫೈಲು, ಡಿಸ್ಕ್ ನಿಜವಾಗ್ಲೂ ಇದೆಯಾ ಅಂತ ಚೆಕ್ ಮಾಡಕ್ಕೇ ಆ ಕಾಲದ ವರ್ಶನ್‌ಗಳಲ್ಲಿ ಇಟ್ಟಿರ್ತಿದ್ರು. ಅಂದ್ರೆ ಸಾಫ್ಟ್‌ವೇರ್ ಬರೆದೋರು ಇದೇ ಅಪಾಯ ಯೋಚ್ನೆ ಮಾಡಿ ಒಂದು ಫೈಲ್ ಇಟ್ಟು ತಡೆದಿದ್ದಾರೆ, ನಾನು ಬರೆದ ಒಂದು ಸಾಲಿನ ಸ್ಕ್ರಿಪ್ಟಲ್ಲಿ ಅದಿಲ್ಲ. ಲಾಗ್ ಫೈಲ್ ತೆಗೆದೆ. ಸಾಲು ಸಾಲಾಗಿ "ಡಿಲೀಟಿಂಗ್", ಮುಂದೆ ಫೋಲ್ಡರ್ ಹೆಸರು, ಮತ್ತೆ "ಡಿಲೀಟಿಂಗ್", 2012ರ ಲಗ್ನಪತ್ರಿಕೆ, 2013ರ ಲಗ್ನಪತ್ರಿಕೆ, ಅಮ್ಮನ ಫೋನಿನ ಫೋಟೋಗಳು. ಸ್ಕ್ರಾಲ್ ಮಾಡ್ತಾ ಹೋದ್ರೆ ಮುಗಿಯೋದೇ ಇಲ್ಲ.

ಆ ವರ್ಷದ ಕೆಲಸ ಪಿಸಿಗಳಲ್ಲಿ ಸಿಂಕ್ ಆಗಿದ್ದರಿಂದ ಉಳೀತು. ಹಳೇದೆಲ್ಲ, ಪಿಸಿಯಲ್ಲಿ ಜಾಗ ಇಲ್ಲ ಅಂತ ಸೆಲೆಕ್ಟಿವ್ ಸಿಂಕಲ್ಲಿ ಟಿಕ್ ತೆಗೆದಿದ್ವಿ, ಅದೇ ಹೋಗಿದ್ದು. ಸತ್ತ ಡಿಸ್ಕನ್ನ ಬೆಂಗಳೂರಲ್ಲಿ ಒಂದು ಕಡೆ ಕೊಟ್ವಿ, ಹೆಡ್ ಹೋಗಿ ಒಳಗಿನ ತಟ್ಟೆ (ಪ್ಲ್ಯಾಟರ್) ಗೀರಿದೆ ಅಂತ ವಾಪಸ್ ಕೊಟ್ರು. ಬ್ಯಾಕಪ್ ಡಿಸ್ಕ್ ಮೇಲೆ ಫೋಟೋರೆಕ್ ಅನ್ನೋ, ಅಳಿಸಿದ ಫೈಲ್ ವಾಪಸ್ ತರೋ ಪ್ರೋಗ್ರಾಮ್ ಓಡಿಸಿದೆ. ಅದು ಫೈಲಿನ ಒಳಗಿನ ಗುರುತು ನೋಡಿ ಹೆಕ್ಕಿ ತೆಗೆಯುತ್ತೆ, ಆದ್ರೆ ಹೆಸರು, ಫೋಲ್ಡರ್ ಯಾವುದೂ ಬರಲ್ಲ, ಎಫ್ ಅಂತ ಒಂದು ಅಕ್ಷರ, ಮುಂದೆ ಉದ್ದಕ್ಕೆ ನಂಬರ್. ಅಮ್ಮನ ಫೋಟೋ ಬಹುಪಾಲು ಸಿಕ್ತು, ಒಳಗೆ ಎಕ್ಸಿಫ್ ತಾರೀಖು ಇರುತ್ತಲ್ಲ, ಅದರಿಂದ ಜೋಡಿಸ್ಕೊಂಡ್ವಿ. ಸಿಡಿಆರ್‌ಗಳಲ್ಲಿ ಬಂದಿದ್ದು ಕೆಲವು, ಅದರಲ್ಲಿ ಓಪನ್ ಆಗಿದ್ದು ಇನ್ನೂ ಕಡಿಮೆ. ಈಗ್ಲೂ ಯಾರಾದ್ರೂ ಹಳೇ ಪತ್ರಿಕೆ ಹಿಡ್ಕೊಂಡು ಬಂದು ಇದೇ ಡಿಸೈನ್ ಬೇಕು ಅಂದ್ರೆ ಅಣ್ಣ ನನ್ನ ಮುಖ ನೋಡ್ತಾನೆ, ನಾನು ಸ್ಕ್ಯಾನ್ ಮಾಡಿ ಮತ್ತೆ ಟ್ರೇಸ್ ಮಾಡ್ತಾ ಕೂರ್ತೀನಿ.

ಹಾಗಾಗಿ "ಯಾವುದು ಬೆಸ್ಟ್" ಅನ್ನೋ ಪ್ರಶ್ನೆನೇ ಸದ್ಯಕ್ಕೆ ಪಕ್ಕಕ್ಕಿಡಿ ಅಂತೀನಿ. ನಮ್ಮಲ್ಲಿ ಸಾಫ್ಟ್‌ವೇರ್ ಯಾವುದೂ ಕೈ ಕೊಡ್ಲಿಲ್ಲ. ನಾನು ಸೀಫೈಲ್ ಹಾಕಿದ್ರೂ ಓನ್‌ಕ್ಲೌಡ್ ಹಾಕಿದ್ರೂ ಆ ರಾತ್ರಿ ಅಷ್ಟೇ ಚೆನ್ನಾಗಿ ಹಾಳಾಗ್ತಿತ್ತು.

ಇನ್ನೊಂದು, ನಿಮ್ಮ ಐದು ಜನ ಒಂದೇ ರೂಮಲ್ಲಿ ಕೂರ್ತಾರೆ ಅಂದ್ರೆ ಅವರಿಗೆ ಕ್ಲೌಡ್ ಯಾಕ್ರೀ? ಅವರಿಗೆ ಬೇಕಾಗಿರೋದು ಸಾಂಬಾ, ಅಂದ್ರೆ ಲಿನಕ್ಸ್ ಮಷೀನಿನ ಫೋಲ್ಡರನ್ನ ನೆಟ್‌ವರ್ಕಲ್ಲಿ ವಿಂಡೋಸಿಗೆ ಕೊಡೋ ಸಾಫ್ಟ್‌ವೇರು. ಹಳೇ ಡೆಸ್ಕ್‌ಟಾಪಿಗೆ ಡೆಬಿಯನ್ ಲಿನಕ್ಸ್ ಹಾಕಿ, ಸಾಂಬಾ ಶೇರ್ ಮಾಡಿ, ವಿಂಡೋಸಲ್ಲಿ ಜೆಡ್ ಡ್ರೈವ್ ಅಂತ ಕಾಣುತ್ತೆ, ಕೋರಲ್‌ಡ್ರಾ ಇಂದ ನೇರ ಓಪನ್, ನೇರ ಸೇವ್. ಸಿಂಕ್ ಮಾಡೋ ಸಾಫ್ಟ್‌ವೇರ್‌ಗಳಲ್ಲಿ ಇಬ್ಬರು ಒಂದೇ ಫೈಲ್ ತೆಗೆದು ಸೇವ್ ಮಾಡಿದ್ರೆ ಕಾನ್‌ಫ್ಲಿಕ್ಟೆಡ್ ಕಾಪಿ ಅಂತ ಎರಡನೇ ಫೈಲ್ ಹುಟ್ಟುತ್ತೆ. ನಮ್ಮಲ್ಲಿ ಹಾಗೆ ತಪ್ಪು ಫೈಲ್ ಪ್ರಿಂಟಿಗೆ ಹೋಗಿ ಪತ್ರಿಕೆಯಲ್ಲಿ ಮುಹೂರ್ತದ ಟೈಮೇ ಬೇರೆ ಆಗಿತ್ತು, ಆ ಬೈಗುಳ ಬೇರೆ ಕಥೆ. ಸಾಂಬಾ 1992ರಿಂದ ಇದೆ, ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಶುರು ಮಾಡಿದ್ದು. ಆರ್‌ಸಿಂಕ್ ಕೂಡ 1996ರಲ್ಲಿ ಅವರೇ ಇನ್ನೊಬ್ಬರ ಜೊತೆ ಸೇರಿ ಬರೆದಿದ್ದು ಅಂತ ಗೊತ್ತಾದಾಗ ನಗು ಬಂತು, ನನಗೆ ಪಾಠ ಕಲಿಸಿದ್ದೂ ಅವರ ಕೂಸು, ಈಗ ಅನ್ನ ಹಾಕ್ತಿರೋದೂ ಅವರ ಕೂಸು.

ಆದ್ರೂ ಹೆಸರು ಕೇಳಿದ್ದೀರಲ್ಲ, ಹೇಳ್ತೀನಿ.

ಓನ್‌ಕ್ಲೌಡ್ 2010ರಲ್ಲಿ ಫ್ರಾಂಕ್ ಕಾರ್ಲಿಚೆಕ್ ಶುರು ಮಾಡಿದ್ದು. 2016ರಲ್ಲಿ ಅವರೇ ಹೊರಗೆ ಬಂದು ಅದೇ ಕೋಡ್ ಇಟ್ಕೊಂಡು ನೆಕ್ಸ್ಟ್‌ಕ್ಲೌಡ್ ಮಾಡಿದ್ರು, ಜೊತೆಗಿದ್ದ ಸುಮಾರು ಜನಾನೂ ಬಂದ್ರು. 2023ರಲ್ಲಿ ಓನ್‌ಕ್ಲೌಡನ್ನ ಕೈಟ್‌ವರ್ಕ್ಸ್ ಕೊಂಡ್ಕೊಂಡಿದೆ. ಹೊಸ ಓನ್‌ಕ್ಲೌಡ್ ಇನ್ಫಿನಿಟ್ ಸ್ಕೇಲ್ ಪಿಎಚ್‌ಪಿ ಬಿಟ್ಟು ಗೋ ಭಾಷೇಲಿ ಬರೆದಿರೋದು, ಬೇರೆ ಡೇಟಾಬೇಸ್ ಬೇಡ, ಹಗುರ, ನೋಡೋಕೆ ಚೆನ್ನಾಗಿದೆ. ಆದ್ರೆ ಆರು ಜನರ ಅಂಗಡಿಗೆ ರಾತ್ರಿ ಹನ್ನೊಂದಕ್ಕೆ ಏನೋ ಕೆಟ್ಟರೆ ಗೂಗಲಲ್ಲಿ ಉತ್ತರ ಸಿಗೋದು ನೆಕ್ಸ್ಟ್‌ಕ್ಲೌಡಿಗೇ ಜಾಸ್ತಿ, ನನಗೆ ಅದೊಂದೇ ಕಾರಣ ಸಾಕು.

ನೆಕ್ಸ್ಟ್‌ಕ್ಲೌಡಲ್ಲಿ ಎಲ್ಲಾ ಇದೆ, ಎಲ್ಲಾ ಇರೋದೇ ಅದರ ಕಾಯಿಲೆ. ಬೇಡದ ಆಪ್ ಎಲ್ಲಾ ಡಿಸೇಬಲ್ ಮಾಡಿ. ಅಪ್‌ಗ್ರೇಡ್ ಮಾಡುವಾಗ ದೊಡ್ಡ ವರ್ಶನ್ ಒಂದನ್ನೂ ಹಾರಿಸೋ ಹಾಗಿಲ್ಲ, ಒಂದೊಂದೇ ಮೆಟ್ಟಿಲು ಹತ್ತಬೇಕು, ಒಂದೊಂದಕ್ಕೂ ಸಪೋರ್ಟ್ ಸುಮಾರು ಒಂದು ವರ್ಷ. ಎರಡು ವರ್ಷ ಮರೆತು ಕೂತ್ರೆ ಆಮೇಲೆ ಒಂದಿಡೀ ದಿನ ಮೆಟ್ಟಿಲು ಹತ್ತೋದೇ ಕೆಲಸ, ಮಧ್ಯದಲ್ಲಿ ಪಿಎಚ್‌ಪಿ ವರ್ಶನ್ ಹಳೇದಾಯ್ತು ಅನ್ನುತ್ತೆ. ಆದ್ರೆ ಡಿಸ್ಕ್ ಬಿಚ್ಚಿ ಬೇರೆ ಮಷೀನಿಗೆ ಹಾಕಿದ್ರೆ ಫೈಲುಗಳು ಫೈಲುಗಳಾಗೇ ಕಾಣ್ತವೆ, ಅದು ನನಗೆ ಇಷ್ಟ. ಸರ್ವರ್ ಸೈಡ್ ಎನ್‌ಕ್ರಿಪ್ಷನ್ (ಫೈಲನ್ನ ಬೇರೆಯವರು ಓದಕ್ಕಾಗದ ಹಾಗೆ ಸರ್ವರಲ್ಲಿ ಇಡೋದು) ಆನ್ ಮಾಡಿದ್ರೆ ಮಾತ್ರ ಆ ಸುಖ ಹೋಯ್ತು, ಕಾನ್ಫಿಗ್ ಫೈಲಲ್ಲಿರೋ ಸೀಕ್ರೆಟ್ ಕಳ್ಕೊಂಡ್ರೆ ಫೈಲ್ ಇದ್ದೂ ಇಲ್ಲದ ಹಾಗೆ. ಸುಮ್ನೆ ಸೇಫ್ಟಿಗಿರ್ಲಿ ಅಂತ ಆನ್ ಮಾಡ್ಬೇಡಿ.

ಸೀಫೈಲ್ ವೇಗಕ್ಕೆ ಇವುಗಳಲ್ಲಿ ಎತ್ತಿದ ಕೈ, ಸಣ್ಣ ಸಣ್ಣ ಫೈಲ್ ಸಾವಿರಾರು ಇದ್ರೂ ಒದ್ದಾಡಲ್ಲ. ಆದ್ರೆ ಸರ್ವರಲ್ಲಿ ಅದರ ಸ್ಟೋರೇಜ್ ಫೋಲ್ಡರ್ ತೆಗೆದು ನೋಡಿ, ಬ್ಲಾಕ್ಸ್, ಕಮಿಟ್ಸ್, ಎಫ್‌ಎಸ್ ಅಂತ ಮೂರು ಫೋಲ್ಡರು, ಅದರೊಳಗೆ ಬರೀ ಅಕ್ಷರ ಅಂಕಿ ಕಲಸಿದ ಹೆಸರುಗಳು, ನಿಮ್ಮ ಸಿಡಿಆರ್ ಚೂರು ಚೂರಾಗಿ ಎಲ್ಲೋ ಇದೆ. ಎಕ್ಸ್‌ಪೋರ್ಟ್ ಮಾಡೋ ಟೂಲ್ ಕೊಟ್ಟಿದ್ದಾರೆ, ಕೆಲಸಾನೂ ಮಾಡುತ್ತೆ, ಲೈಬ್ರರಿ ಎನ್‌ಕ್ರಿಪ್ಟ್ ಆಗಿರ್ಬಾರ್ದು ಅಷ್ಟೇ. ಎಫ್ ನಂಬರ್ ಫೈಲುಗಳನ್ನ ಒಂದೊಂದೇ ತೆಗೆದು ನೋಡಿದ ನನಗೆ ಆ ದೃಶ್ಯ ಆಗಲ್ಲ. ಇದು ನ್ಯಾಯವಾದ ಹೋಲಿಕೆ ಅಲ್ಲ ಅಂತ ಯಾರಾದ್ರೂ ಕಾಮೆಂಟ್ ಹಾಕ್ತೀರ, ಹಾಕ್ಕೊಳ್ಳಿ.

ಸಿಂಕ್‌ಥಿಂಗಿಗೆ ಸರ್ವರ್ರೇ ಬೇಡ, ಮಷೀನಿಂದ ಮಷೀನಿಗೆ. ಆದ್ರೆ ಒಬ್ಬರು ಅಳಿಸಿದ್ರೆ ಎಲ್ಲರ ಹತ್ರಾನೂ ಅಳಿಯುತ್ತೆ, ಫೈಲ್ ವರ್ಶನಿಂಗ್ ನೀವಾಗೇ ಆನ್ ಮಾಡೋವರೆಗೂ ಆಫ್ ಇರುತ್ತೆ, ಮೊದಲ ದಿನಾನೇ ಆನ್ ಮಾಡಿ. ಅಧಿಕೃತ ಆಂಡ್ರಾಯ್ಡ್ ಆಪ್ 2024ರ ಕೊನೇಲಿ ನಿಂತಿದೆ, ಬೇರೆಯವರು ಅದೇ ಕೋಡ್ ಇಟ್ಕೊಂಡು ಫೋರ್ಕ್ ನಡೆಸ್ತಿದ್ದಾರೆ. ಕಸ್ಟಮರಿಗೆ ಲಿಂಕ್ ಕಳ್ಸೋ ವ್ಯವಸ್ಥೆ ಇಲ್ಲ. ಅದಿದ್ರೂ ಏನು, ನಾನು ಎಷ್ಟು ಚೆಂದದ ಶೇರ್ ಲಿಂಕ್ ಕಳ್ಸಿದ್ರೂ ನಮ್ಮ ಕಸ್ಟಮರ್ "ಅದೇನೋ ಓಪನ್ ಆಗ್ತಿಲ್ಲ, ವಾಟ್ಸಾಪ್ ಮಾಡಿಬಿಡಿ" ಅಂತಾನೇ ಅನ್ನೋದು.

ನಿಮ್ಮ ಬೆಂಗಳೂರಿನವರಿಗಾಗಿ ಮಾತ್ರ ಅದೇ ಡೆಸ್ಕ್‌ಟಾಪ್ ಮೇಲೆ ನೆಕ್ಸ್ಟ್‌ಕ್ಲೌಡ್ ಹಾಕಿ, ಎಕ್ಸ್‌ಟರ್ನಲ್ ಸ್ಟೋರೇಜ್ ಆಪಲ್ಲಿ ಸಾಂಬಾ ಫೋಲ್ಡರನ್ನೇ ತೋರಿಸಿ. ರೂಮಲ್ಲಿರೋರು ಜೆಡ್ ಡ್ರೈವಿಂದ, ಅವರು ನೆಕ್ಸ್ಟ್‌ಕ್ಲೌಡಿಂದ, ಫೈಲ್ ಒಂದೇ. ನಿಮ್ಮ ಇಂಟರ್ನೆಟ್ಟು ಸಿಜಿನ್ಯಾಟ್ ಹಿಂದೆ ಇರೋ ಸಾಧ್ಯತೆ ಜಾಸ್ತಿ, ಅಂದ್ರೆ ನಿಮ್ಮದೇ ಅಂತ ಪಬ್ಲಿಕ್ ಐಪಿ ಇರಲ್ಲ, ಪೋರ್ಟ್ ಫಾರ್ವರ್ಡ್ ಮಾಡಿ ತಲೆ ಚಚ್ಕೋಬೇಡಿ. ದೂರದ ಮಷೀನುಗಳನ್ನ ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸೋ ಟೇಲ್‌ಸ್ಕೇಲ್ ಹಾಕಿ, ಎರಡೂ ಕಡೆ ಲಾಗಿನ್ ಆದ್ರೆ ಮುಗೀತು, ಸರ್ವರ್ ಇಡೀ ಊರಿಗೆ ಕಾಣೋ ಹಾಗೆ ತೆರೆದಿಡೋದೂ ತಪ್ಪುತ್ತೆ.

ಇದೆಲ್ಲಾ ಆಮೇಲೆ. ಮೊದಲು ಎರಡು ಹೊಸ ಡಿಸ್ಕ್, ಒಂದು ಯುಪಿಎಸ್. ಬ್ಯಾಕಪ್ಪಿಗೆ ರೆಸ್ಟಿಕ್ ಅಥವಾ ಬೋರ್ಗ್, ಇವು ಕನ್ನಡಿ ಹಿಡಿಯಲ್ಲ, ದಿನದಿನದ ಸ್ನ್ಯಾಪ್‌ಶಾಟ್ ಇಡ್ತವೆ, ಇವತ್ತು ಫೋಲ್ಡರ್ ಖಾಲಿ ಇದ್ರೂ ನಿನ್ನೇದು ಅಲ್ಲೇ ಇರುತ್ತೆ. ರೆಸ್ಟಿಕ್ ಯಾವಾಗ್ಲೂ ಎನ್‌ಕ್ರಿಪ್ಟ್ ಮಾಡಿಯೇ ಇಡೋದು, ಪಾಸ್‌ವರ್ಡ್ ಪೇಪರಲ್ಲಿ ಬರೆದು ಮನೇಲಿಡಿ. ಎರಡನೇ ಬ್ಯಾಕಪ್ ಡಿಸ್ಕ್ ಕೂಡ ಮನೇಲೇ ಇರ್ಲಿ, ವಾರಕ್ಕೊಂದ್ಸಲ ತಂದು ಸಿಗಿಸಿ ತಗೊಂಡು ಹೋಗಿ. ಸ್ಕ್ರಿಪ್ಟಿನ ಮೊದಲ ಸಾಲಲ್ಲಿ ಡಿಸ್ಕ್ ಮೌಂಟ್ ಆಗಿದೆಯಾ ಅಂತ ಕೇಳಿ, ಅದಕ್ಕೇ ಅಂತ ಮೌಂಟ್‌ಪಾಯಿಂಟ್ ಅನ್ನೋ ಕಮಾಂಡ್ ಇದೆ, ಇಲ್ಲ ಅಂದ್ರೆ ಅಲ್ಲೇ ಎಕ್ಸಿಟ್. ಆರ್‌ಸಿಂಕೇ ಬೇಕು ಅನ್ನೋದಾದ್ರೆ ಮ್ಯಾಕ್ಸ್ ಡಿಲೀಟ್ ಅನ್ನೋ ಆಪ್ಷನ್ ಇದೆ, ಇಷ್ಟಕ್ಕಿಂತ ಜಾಸ್ತಿ ಅಳಿಸ್ಬೇಡ ಅಂತ ಲಿಮಿಟ್ ಹಾಕ್ಬಹುದು. ಮತ್ತೆ ತಿಂಗಳಿಗೊಂದ್ಸಲ ಯಾವುದಾದ್ರೂ ಒಂದು ಹಳೇ ಸಿಡಿಆರನ್ನ ಬ್ಯಾಕಪ್ಪಿಂದ ವಾಪಸ್ ತೆಗೆದು ಕೋರಲಲ್ಲಿ ಓಪನ್ ಮಾಡಿ ನೋಡಿ, ತೆಗೆದು ನೋಡದ ಬ್ಯಾಕಪ್ಪನ್ನ ನಾನು ಲೆಕ್ಕಕ್ಕೇ ಇಡಲ್ಲ.

ಹುಡುಕೋದರ ಬಗ್ಗೆ ಕೇಳಿದ್ರಲ್ಲ, ಫೈಲ್ ಒಳಗಿನ ಕನ್ನಡ ಹುಡುಕಿ ಕೊಡುತ್ತಾ ಅಂತ. ನೀವೂ ನಮ್ಮ ಹಾಗೆ ನುಡಿ ಆಸ್ಕಿ ಫಾಂಟಲ್ಲೇ ಟೈಪ್ ಮಾಡೋರಾದ್ರೆ ಯಾವ ಸಾಫ್ಟ್‌ವೇರೂ ಕೊಡಲ್ಲ, ಫಾಂಟ್ ತೆಗೆದ್ರೆ ಒಳಗಿರೋದು ಇಂಗ್ಲಿಷ್ ಅಕ್ಷರದ ಕಸ. ಫೈಲ್ ಹೆಸರಲ್ಲೇ ವರ್ಷ, ಊರು, ಮನೆತನದ ಹೆಸರು ಹಾಕೋ ಅಭ್ಯಾಸ ಮಾಡಿಸಿ, ಯೂನಿಕೋಡಲ್ಲಿ ಹಾಕಿದ್ರೆ ಕನ್ನಡದಲ್ಲೇ ಹುಡುಕ್ಬಹುದು. ಮತ್ತೆ ಕೋರಲ್ ಪ್ರತಿ ಸೇವಿಗೂ "ಬ್ಯಾಕಪ್ ಆಫ್" ಅಂತ ಶುರುವಾಗೋ ಇನ್ನೊಂದು ಫೈಲ್ ಮಾಡಿಡುತ್ತೆ, ಬೆಂಗಳೂರಿನವರ ಸಿಂಕ್ ಕ್ಲೈಂಟಲ್ಲಿ ಅದನ್ನ ಇಗ್ನೋರ್ ಲಿಸ್ಟಿಗೆ ಹಾಕ್ಬಿಡಿ, ಇಲ್ಲಾಂದ್ರೆ ಅವರ ಇಂಟರ್ನೆಟ್ ಡೇಟಾ ಎಲ್ಲಾ ಅದಕ್ಕೇ ಖಾಲಿ.