ರಾಷ್ಟ್ರಗೀತೆಯ ವೇಳೆ ಮಂಡಿಯೂರುವ ಆಟಗಾರನಿಗೆ ದೇಶಭಕ್ತಿ ಇಲ್ಲವೇ?

ನೀವು ಕೇಳಿರುವುದು ಒಂದಲ್ಲ, ಎರಡು ಪ್ರಶ್ನೆ. ರಾಷ್ಟ್ರಗೀತೆ ನುಡಿಯುವಾಗ ಮಂಡಿಯೂರಿದ ಅಮೆರಿಕದ ಆಟಗಾರರು ತಮ್ಮ ದೇಶಕ್ಕೆ ಅವಮಾನ ಮಾಡಿದರೇ ಎಂಬುದು ಮೊದಲನೆಯದು. ನಾಳೆ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ನಮ್ಮವನೇ ಒಬ್ಬ ಹಾಗೆ ಮಾಡಿದರೆ ಸಹಿಸುತ್ತೀರಾ ಎಂಬುದು ಎರಡನೆಯದು. ನಾನು ವಕೀಲನಲ್ಲ, ಆಟಗಾರನೂ ಅಲ್ಲ. ಶ್ರೀರಾಮಪುರದಲ್ಲಿ ನಮ್ಮದೊಂದು ಮೈಕ್‌ಸೆಟ್ ಅಂಗಡಿ ಇದೆ, ಅಪ್ಪ ಹಾಕಿದ್ದು. ಶಾಲೆಗಳ ಕ್ರೀಡಾಕೂಟ, ಬಡಾವಣೆಯ ಕಬಡ್ಡಿ ಪಂದ್ಯಾವಳಿ, ಆಗಸ್ಟ್ ಹದಿನೈದು, ರಾಜ್ಯೋತ್ಸವ, ಫ್ರೀಡಂ ಪಾರ್ಕಿನ ಧರಣಿ, ಎಲ್ಲಕ್ಕೂ ಹೋಗುವುದು ಅದೇ ಆಂಪ್ಲಿಫೈಯರ್, ಅದೇ ಹಾರ್ನ್. ರಾಷ್ಟ್ರಗೀತೆಯನ್ನು ಎಷ್ಟು ಸಲ ನುಡಿಸಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಅದು ನುಡಿಯುವಾಗ ಸಾವಧಾನ್ ಭಂಗಿಯಲ್ಲಿ ನಿಂತದ್ದನ್ನು ಮಾತ್ರ ಬೆರಳೆಣಿಕೆಯಲ್ಲಿ ಹೇಳಬಹುದು. ಆ 52 ಸೆಕೆಂಡು ನನ್ನ ಕೈ ಸದ್ದನ್ನು ಹದಗೊಳಿಸುವ ಮಿಕ್ಸರಿನ ಮೇಲಿರುತ್ತದೆ.

ಒಮ್ಮೆಯಂತೂ ಮಂಡಿಯೂರಿಯೇ ಇದ್ದೆ. ಶಾಲಾ ಮಕ್ಕಳ ಖೋಖೋ ಪಂದ್ಯಾವಳಿಯ ಉದ್ಘಾಟನೆ. ಹಿಂದಿನ ರಾತ್ರಿ ಮಳೆ ಸುರಿದು ಮೈದಾನವೆಲ್ಲ ಒದ್ದೆ. ಮೇಜು ಕೊಡುತ್ತೇವೆ ಎಂದವರು ಕೊಡಲಿಲ್ಲ. ವೈರುಗಳನ್ನು ತುಂಬಿ ತಂದಿದ್ದ ಮರದ ಪೆಟ್ಟಿಗೆಯನ್ನೇ ಬೋರಲು ಹಾಕಿ ಅದರ ಮೇಲೆ ಮಿಕ್ಸರ್ ಇಟ್ಟೆ. ಗೀತೆ ಶುರುವಾಗಿ ಮೂರು ಸೆಕೆಂಡಿಗೆ ಹಾರ್ನಿನಲ್ಲಿ ಕರಕರ ಸದ್ದು. ಜಾಕ್ ಪಿನ್ ಸಡಿಲವಾಗಿತ್ತು. ಕೆಸರಿನಲ್ಲಿ ಮಂಡಿಯೂರಿ, ಪಿನ್ನನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ, ಸ್ವಲ್ಪ ಎಡಕ್ಕೆ ವಾಲಿಸಿ ಹಿಡಿದೆ. ಸದ್ದು ಸರಿಯಾಯಿತು. ಉಸಿರು ಜೋರಾಗಿ ಬಿಟ್ಟರೂ ಕೈ ಅಲುಗಿ ಮತ್ತೆ ಕರಕರ ಎನ್ನುತ್ತಿತ್ತು. ಕೊನೆಯ ಜಯಕಾರ ಮುಗಿಯುವವರೆಗೆ ಹಾಗೆಯೇ ಇದ್ದೆ. ಪ್ಯಾಂಟಿನ ಮಂಡಿಯಿಂದ ನೀರು ಇಳಿಯುತ್ತಿತ್ತು.

ಮುಗಿದ ಕೂಡಲೇ ಅತಿಥಿಗಳಲ್ಲಿ ಒಬ್ಬರು ವೇದಿಕೆಯಿಂದ ನೇರ ಇಳಿದು ಬಂದರು. "ಏನಯ್ಯ, ರಾಷ್ಟ್ರಗೀತೆಗೆ ಎದ್ದು ನಿಲ್ಲುವುದಕ್ಕೂ ಆಗುವುದಿಲ್ಲವೇ?" ನಾನು ಎದ್ದು ನಿಂತಿದ್ದರೆ ಗೀತೆಯೂ ನಿಂತುಬಿಡುತ್ತಿತ್ತು ಸ್ವಾಮಿ ಎಂದೆ. ಅವರ ಕಿವಿಗೆ ಅದು ಉದ್ಧಟತನದ ಮಾತಾಗಿ ಬಿದ್ದಿತು. ಸಂಘಟಕರು ಬಾಡಿಗೆಯಲ್ಲಿ ಐನೂರು ರೂಪಾಯಿ ಮುರಿದುಕೊಂಡರು. ಐನೂರು ಹೋದರೆ ಹೋಗಲಿ. ಆ ಮನುಷ್ಯ ಗೀತೆ ನುಡಿದಷ್ಟು ಹೊತ್ತೂ ಬಾವುಟದ ಕಡೆಯಲ್ಲ, ನನ್ನ ಕಡೆ ನೋಡುತ್ತಿದ್ದರು ಎಂಬುದು ರಾತ್ರಿ ಮಲಗಿದ ಮೇಲೆ ಹೊಳೆಯಿತು.

ಇನ್ನು ನಿಮ್ಮ ಅಮೆರಿಕದ ಆಟಗಾರ. ಹೆಸರು ಕಾಲಿನ್ ಕೆಪರ್ನಿಕ್. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಫುಟ್‌ಬಾಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿಯನ್ನು ನಡೆಸುವವನು. 2016ರ ಆಗಸ್ಟ್‌ನಲ್ಲಿ ಆತ ಮೊದಲು ಮಾಡಿದ್ದು ಮಂಡಿಯೂರುವುದಲ್ಲ, ಬೆಂಚಿನ ಮೇಲೆ ಸುಮ್ಮನೆ ಕುಳಿತದ್ದು. ಕಪ್ಪು ಜನರನ್ನು ತುಳಿಯುವ ದೇಶದ ಬಾವುಟಕ್ಕೆ ಹೆಮ್ಮೆಯಿಂದ ಎದ್ದು ನಿಲ್ಲಲಾರೆ ಎಂದ. ಪೊಲೀಸರ ಕೈಯಲ್ಲಿ ಕಪ್ಪು ಜನರು ಸಾಯುತ್ತಿದ್ದುದು ಆತನ ದೂರು. ಆಗ ನೇಟ್ ಬೋಯರ್ ಎಂಬವರು ಆತನಿಗೆ ಬಹಿರಂಗ ಪತ್ರ ಬರೆದರು. ಸೇನೆಯ ವಿಶೇಷ ಪಡೆಯಲ್ಲಿದ್ದು, ಆಮೇಲೆ ಫುಟ್‌ಬಾಲ್ ಆಡಿದವರು ಅವರು. ಕುಳಿತದ್ದು ತನಗೆ ನೋವು ತಂದಿತು ಎಂದು ಬರೆದರೂ ಬೈಯಲಿಲ್ಲ. ಇಬ್ಬರೂ ಭೇಟಿಯಾಗಿ ಮಾತನಾಡಿದರು. ಸತ್ತ ಸಹಸೈನಿಕನ ಸಮಾಧಿಯ ಮುಂದೆ ಸೈನಿಕರು ಮಂಡಿಯೂರುತ್ತಾರೆ, ಕೂರುವ ಬದಲು ಹಾಗೆ ಮಾಡು ಎಂದು ಸೂಚಿಸಿದವರು ಆ ಮಾಜಿ ಸೈನಿಕರೇ. ಸೆಪ್ಟೆಂಬರ್ 1ರಂದು ಸ್ಯಾನ್ ಡಿಯೆಗೊದಲ್ಲಿ ಕೆಪರ್ನಿಕ್ ಮತ್ತು ಸಹ ಆಟಗಾರ ಎರಿಕ್ ರೀಡ್ ಮಂಡಿಯೂರಿದರು. ಪಕ್ಕದಲ್ಲಿ ಬೋಯರ್ ಎದೆಯ ಮೇಲೆ ಕೈಯಿಟ್ಟು ನಿಂತಿದ್ದರು.

ಆ ಭಂಗಿ ಹುಟ್ಟಿದ್ದು ಹೀಗೆ. ನಮ್ಮ ಭಾಷೆಯಲ್ಲೂ ಮಂಡಿಯೂರುವುದು ಎಂದರೆ ಬೇಡುವುದು, ಇಲ್ಲವೇ ಸೋಲೊಪ್ಪುವುದು. ಸೊಕ್ಕಿನವನು ಮಂಡಿಯೂರಿದ ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ?

ಆದರೂ ಆತನ ಪಾಲಿಗೆ ಆಟ ಮುಗಿಯಿತು. 2017ರ ಮಾರ್ಚ್‌ನಲ್ಲಿ ತಂಡದ ಒಪ್ಪಂದದಿಂದ ಹೊರಬಂದವನನ್ನು ಆಮೇಲೆ ಯಾವ ತಂಡವೂ ಸೇರಿಸಿಕೊಳ್ಳಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್, ಮಂಡಿಯೂರುವವರನ್ನು ಮಾಲೀಕರು ಕೆಲಸದಿಂದ ಕಿತ್ತುಹಾಕಬೇಕು ಎಂದು ಅಲಬಾಮಾದ ಸಭೆಯಲ್ಲಿ ಗುಡುಗಿದರು. ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ಮೇಲೆ, 2020ರ ಜೂನ್‌ನಲ್ಲಿ, ಆಟಗಾರರ ಮಾತನ್ನು ಮೊದಲೇ ಕೇಳದಿದ್ದುದು ನಮ್ಮ ತಪ್ಪು ಎಂದು ಆ ಫುಟ್‌ಬಾಲ್ ಲೀಗ್‌ನ ಮುಖ್ಯಸ್ಥರು ಒಪ್ಪಿಕೊಂಡರು. ಕೆಪರ್ನಿಕ್‌ನ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಇದರ ಜೊತೆಗೆ ನನ್ನಂಥ ಬಾಡಿಗೆಯವನಿಗೆ ಬಹಳ ರುಚಿಸಿದ ಸಂಗತಿ ಇನ್ನೊಂದಿದೆ. ಆಟದ ಮೈದಾನಗಳಲ್ಲಿ ಸೈನಿಕರಿಗೆ ಗೌರವ, ಬೃಹತ್ ಬಾವುಟ ಬಿಚ್ಚುವುದು ಇತ್ಯಾದಿಗಳಿಗಾಗಿ ಅಮೆರಿಕದ ರಕ್ಷಣಾ ಇಲಾಖೆಯೇ ತಂಡಗಳಿಗೆ ಹಣ ಕೊಡುತ್ತಿತ್ತೆಂದು 2015ರಲ್ಲಿ ಇಬ್ಬರು ಸೆನೆಟರುಗಳು ವರದಿ ಹೊರತಂದರು. ಅವರಲ್ಲಿ ಒಬ್ಬರು ಯುದ್ಧಕೈದಿಯಾಗಿದ್ದ ಜಾನ್ ಮೆಕೇನ್. ದೇಶಭಕ್ತಿಗೂ ಅಲ್ಲಿ ಬಿಲ್ ಆಗುತ್ತಿತ್ತು. ನನ್ನದೂ ಆಗುತ್ತದೆ, ಆದರೆ ನಾನು ಅದನ್ನು ಸೌಂಡಿನ ಬಾಬ್ತು ಎಂದೇ ಬರೆಯುತ್ತೇನೆ.

1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ಚಿತ್ರವನ್ನು ನೀವು ನೋಡಿರುತ್ತೀರಿ. 200 ಮೀಟರ್ ಓಟದ ಪದಕ ಪಡೆದು ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ರಾಷ್ಟ್ರಗೀತೆಯ ಹೊತ್ತಿನಲ್ಲಿ ಕಪ್ಪು ಗವಸಿನ ಮುಷ್ಟಿ ಎತ್ತಿ, ತಲೆ ತಗ್ಗಿಸಿ ನಿಂತಿದ್ದಾರೆ. ಒಬ್ಬನದು ಬಲಗೈ, ಇನ್ನೊಬ್ಬನದು ಎಡಗೈ. ಅದರಲ್ಲಿ ಗೂಢಾರ್ಥವೇನೂ ಇಲ್ಲ. ಕಾರ್ಲೋಸ್ ತನ್ನ ಗವಸು ಮರೆತು ಬಂದಿದ್ದ, ಒಂದೇ ಜೊತೆಯನ್ನು ಇಬ್ಬರೂ ಹಂಚಿಕೊಳ್ಳಿ ಎಂದವನು ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಬಿಳಿಯ, ಪೀಟರ್ ನಾರ್ಮನ್. ಆತ ಮುಷ್ಟಿ ಎತ್ತಲಿಲ್ಲ, ಅವರ ಮಾನವ ಹಕ್ಕುಗಳ ಬ್ಯಾಡ್ಜನ್ನು ಎದೆಗೆ ಚುಚ್ಚಿಕೊಂಡ. ಅಮೆರಿಕದವರಿಬ್ಬರನ್ನೂ ಒಲಿಂಪಿಕ್ ಗ್ರಾಮದಿಂದ ಹೊರಗಟ್ಟಿದರು. 2006ರಲ್ಲಿ ನಾರ್ಮನ್ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವರಿಬ್ಬರೂ ಇದ್ದರು.

ನಮ್ಮ ಕಾನೂನಿನ ವಿಷಯ. 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ 3ನೇ ಸೆಕ್ಷನ್, ರಾಷ್ಟ್ರಗೀತೆ ಹಾಡುವುದನ್ನು ಉದ್ದೇಶಪೂರ್ವಕವಾಗಿ ತಡೆಯುವುದನ್ನೂ ಹಾಡುತ್ತಿರುವ ಸಭೆಗೆ ಅಡ್ಡಿ ಮಾಡುವುದನ್ನೂ ಅಪರಾಧ ಎನ್ನುತ್ತದೆ. ಮೂರು ವರ್ಷದವರೆಗೆ ಸಜೆ. ನಿಲ್ಲದಿರುವುದು ಎಂಬ ಮಾತು ಆ ಸೆಕ್ಷನ್ನಿನಲ್ಲಿ ಇಲ್ಲ. ಎದ್ದು ನಿಲ್ಲಬೇಕು ಎಂಬುದು ಗೃಹ ಸಚಿವಾಲಯದ ಸೂಚನೆಗಳಲ್ಲಿ ಇದೆ. ಇನ್ನು 1986ರ ಬಿಜೋ ಇಮ್ಯಾನುಯೆಲ್ ಪ್ರಕರಣ. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮೂವರು ಮಕ್ಕಳು ಶಾಲೆಯ ಪ್ರಾರ್ಥನೆಯ ವೇಳೆ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಹಾಕಲಾಯಿತು. ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಸೇರಿಸಿಕೊಳ್ಳಿ ಎಂದಿತು. ನಮ್ಮ ಪರಂಪರೆ ಕಲಿಸುವುದೇ ಸಹಿಷ್ಣುತೆಯನ್ನು ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದರು. ಈ ತೀರ್ಪನ್ನು ಎತ್ತಿ ತೋರಿಸಿ ಮಂಡಿಯೂರುವುದಕ್ಕೂ ಅನುಮತಿ ಸಿಕ್ಕಿತು ಎನ್ನುವವರಿದ್ದಾರೆ. ಅಷ್ಟು ಸಲೀಸಾಗಿಲ್ಲ. ಆ ಮಕ್ಕಳು ಗೌರವದಿಂದ ನಿಂತಿದ್ದರು ಎಂಬುದೇ ತೀರ್ಪಿನ ಒಂದು ಆಧಾರ.

ಸಿನಿಮಾ ಮಂದಿರಗಳಲ್ಲಿ ಗೀತೆ ನುಡಿಸುವುದನ್ನು 2016ರ ನವೆಂಬರ್ 30ರಂದು ಕಡ್ಡಾಯ ಮಾಡಿದ ಅದೇ ನ್ಯಾಯಾಲಯ, 2018ರ ಜನವರಿ 9ರಂದು ಅದು ಮಂದಿರದವರ ಇಷ್ಟ ಎಂದು ಬದಲಿಸಿತು. ಅಷ್ಟರಲ್ಲಿ ಅಕ್ಕಪಕ್ಕದ ಸೀಟಿನವರು ತಾವೇ ಪೊಲೀಸರಾಗಿದ್ದರು. ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲೂ 2019ರಲ್ಲಿ, ಎದ್ದು ನಿಲ್ಲದವರನ್ನು ಸುತ್ತುವರಿದು ಬೈದು, ಅದರ ವಿಡಿಯೊ ಹರಿಬಿಡಲಾಯಿತು. ವಿಡಿಯೊ ನೋಡುವಾಗ ನನಗೆ ಖೋಖೋ ಮೈದಾನದ ಅತಿಥಿಯೇ ಕಂಡರು.

"ಪ್ರತಿಭಟಿಸಲಿ, ಬೇಡ ಎಂದವರಾರು? ರಾಷ್ಟ್ರಗೀತೆಯ ಹೊತ್ತಿನಲ್ಲೇ ಏಕೆ?" ಎಂದು ನಿಮ್ಮ ಪ್ರಶ್ನೆಯ ಕೆಳಗೆ ಹಲವರು ಬರೆದಿದ್ದಾರೆ. ಮೇಲ್ನೋಟಕ್ಕೆ ನ್ಯಾಯವಾದ ಮಾತು, ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ 2023ರಲ್ಲಿ ಏನಾಯಿತು ನೋಡಿ. ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ರಾಷ್ಟ್ರಗೀತೆಯ ತಂಟೆಗೇ ಹೋಗಲಿಲ್ಲ. ಕುಸ್ತಿ ಒಕ್ಕೂಟದ ಆಗಿನ ಅಧ್ಯಕ್ಷರ ವಿರುದ್ಧ ಲೈಂಗಿಕ ಕಿರುಕುಳದ ದೂರು ಹಿಡಿದು ಜಂತರ್ ಮಂತರ್‌ನಲ್ಲಿ ಕುಳಿತರು. ಅಧ್ಯಕ್ಷರು ಆರೋಪವನ್ನು ಅಲ್ಲಗಳೆದರು. ಮೇ 28ರಂದು ಹೊಸ ಸಂಸತ್ ಭವನದ ಕಡೆ ಹೊರಟಾಗ ಅವರ ಕೈಯಲ್ಲಿದ್ದುದು ತ್ರಿವರ್ಣ ಧ್ವಜ. ಪೊಲೀಸರು ಅವರನ್ನು ರಸ್ತೆಯ ಮೇಲೆ ಎಳೆದಾಡುವ ಚಿತ್ರದಲ್ಲಿ ಬಾವುಟವೂ ನೆಲದಲ್ಲಿದೆ. ಇವರನ್ನೂ ದೇಶದ ಹೆಸರು ಕೆಡಿಸುವವರು ಎಂದು ಕರೆದವರು ಬೇಕಾದಷ್ಟು ಮಂದಿ. ನಮ್ಮೂರಿನ ಅನಿಲ್ ಕುಂಬ್ಳೆ ಎರಡು ದಿನ ಬಿಟ್ಟು ಬೇಸರ ವ್ಯಕ್ತಪಡಿಸಿ, ಮಾತುಕತೆಯಲ್ಲಿ ಬಗೆಹರಿಯದ್ದು ಯಾವುದೂ ಇಲ್ಲ ಎಂದರು. ಹಾಗೆ ಬಾಯಿಬಿಟ್ಟ ಕ್ರಿಕೆಟಿಗರು ಕಡಿಮೆ. ಗೀತೆಯ ಹೊತ್ತು ಬೇಡ, ಧ್ವಜ ಹಿಡಿದು ನಡೆಯುವ ಹೊತ್ತೂ ಬೇಡ ಎಂದ ಮೇಲೆ ಸರಿಯಾದ ಹೊತ್ತು ಯಾವುದು ಎಂದು ಪಂಚಾಂಗ ನೋಡಿ ಹೇಳಬೇಕು.

ನಮ್ಮ ಕಸುಬಿನ ಒಂದು ಗುಟ್ಟು ಹೇಳುತ್ತೇನೆ. ಭಾಷಣ ಮುಗಿಸದವರನ್ನು ಮುಗಿಸಲು ಸಂಘಟಕರು ನಮಗೆ ಕಣ್ಣು ಮಿಟುಕಿಸುತ್ತಾರೆ, ನಾವು ರಾಷ್ಟ್ರಗೀತೆ ಹಾಕಿಬಿಡುತ್ತೇವೆ. ಎಂಥ ಮಾತುಗಾರನೂ ಬಾಯಿ ಮುಚ್ಚಿ ನಿಲ್ಲುತ್ತಾನೆ. 2019ರ ಡಿಸೆಂಬರ್ 19ರಂದು ಟೌನ್‌ಹಾಲ್ ಮುಂದೆ ಪೌರತ್ವ ಕಾಯ್ದೆಯ ತಿದ್ದುಪಡಿ ವಿರೋಧಿಸಿ ನಿಷೇಧಾಜ್ಞೆಯ ನಡುವೆಯೂ ಜನ ಸೇರಿದ್ದಾಗ, ಡಿಸಿಪಿ ಚೇತನ್ ಸಿಂಗ್ ರಾಥೋಡ್ ಮಾಡಿದ್ದೂ ಅದನ್ನೇ. ಲಾಠಿ ಎತ್ತಲಿಲ್ಲ, ರಾಷ್ಟ್ರಗೀತೆ ಎತ್ತಿಕೊಂಡರು. ಕುಳಿತಿದ್ದವರು ಎದ್ದು ನಿಂತು ದನಿಗೂಡಿಸಿದರು, ಆಮೇಲೆ ಚದುರಿದರು. ಲಾಠಿಗಿಂತ ಇದು ಸಾವಿರ ಪಾಲು ಮೇಲು, ನಾನೂ ಮೆಚ್ಚಿದೆ. ಆದರೆ ಮನೆಗೆ ಹೋದವರ ದೂರು ಹಾಗೆಯೇ ಉಳಿದಿತ್ತು ಎಂಬುದೂ ನಿಜ. ಗೀತೆಯಿಂದ ಮಾತು ನಿಲ್ಲಿಸಬಹುದು. ನಾನು ದಿನವೂ ಮಾಡುವ ಕೆಲಸವಾದ್ದರಿಂದ ಚೆನ್ನಾಗಿ ಗೊತ್ತು.

ಎರಡನೆಯ ಪ್ರಶ್ನೆಗೆ ಬರುತ್ತೇನೆ. 2023ರ ಜುಲೈ 4ರಂದು ಕಂಠೀರವದಲ್ಲಿ, ಅಂದರೆ ಹಿಂದೆ ಸಂಪಂಗಿ ಕೆರೆ ಇದ್ದ ಜಾಗದಲ್ಲಿ, ಭಾರತ ಮತ್ತು ಕುವೈತ್ ನಡುವೆ ದಕ್ಷಿಣ ಏಷ್ಯಾದ ಸ್ಯಾಫ್ ಫುಟ್‌ಬಾಲ್ ಪಂದ್ಯಾವಳಿಯ ಫೈನಲ್. ಅಂದು ನಾನು ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಕುಳಿತಿದ್ದೆ, ಮಿಕ್ಸರ್ ಬೇರೆಯವರ ಕೈಯಲ್ಲಿತ್ತು. ರಾಷ್ಟ್ರಗೀತೆಗೆ ಎರಡೂ ಕೈ ಇಳಿಬಿಟ್ಟು ನೆಟ್ಟಗೆ ನಿಂತೆ. ಕೈಗೆ ಕೆಲಸವಿಲ್ಲದೆ ವಿಚಿತ್ರವೆನಿಸಿತು. ಪೆನಾಲ್ಟಿಯಲ್ಲಿ ಗೆದ್ದ ಮೇಲೆ ಇಡೀ ಗ್ಯಾಲರಿ ವಂದೇ ಮಾತರಂ ಹಾಡತೊಡಗಿತು. ಶ್ರುತಿ ಹೋಗಿತ್ತು, ನನ್ನ ಕಣ್ಣು ಒದ್ದೆಯಾಗಿತ್ತು. ಅಂಥ ಸಂಜೆ ಆ ಹನ್ನೊಂದರಲ್ಲಿ ಒಬ್ಬ ಮಂಡಿಯೂರಿದ್ದರೆ ನನಗೆ ಎದೆಗೆ ಒದ್ದಂತಾಗುತ್ತಿತ್ತು. ಇದನ್ನು ಮುಚ್ಚಿಟ್ಟು ದೊಡ್ಡ ಮನಸ್ಸಿನವನಂತೆ ಉತ್ತರಿಸಲಾರೆ. ಬೋಯರ್‌ಗೂ ನೋವಾಗಿತ್ತಲ್ಲ, ಅವರು ಹೋಗಿ ಕೇಳಿದರು.

ಹಾಗಾಗಿ ನಾನು ಮಾಡುವುದು ಇಷ್ಟು. ಅವನು ಮಂಡಿಯೂರಿದ ಎಂದು ಗೀತೆಯನ್ನು ಅರ್ಧಕ್ಕೆ ನಿಲ್ಲಿಸುವುದಿಲ್ಲ, ಸದ್ದು ಏರಿಳಿಸುವ ಫೇಡರ್ ಮೇಲಿನ ಬೆರಳು ಅಲುಗಿಸುವುದಿಲ್ಲ. 52 ಸೆಕೆಂಡು ಮುಗಿದ ಮೇಲೆ ಕಾರ್ಡ್‌ಲೆಸ್ ಮೈಕ್ ತೆಗೆದುಕೊಂಡು ಹೋಗಿ ಅವನ ಕೈಗೆ ಕೊಡುತ್ತೇನೆ. ಏಕಪ್ಪಾ ಹೀಗೆ ಮಾಡಿದೆ, ಹೇಳು ಎನ್ನುತ್ತೇನೆ. ಆ ಹೊತ್ತಿಗೆ ಸಂಘಟಕರು ಓಡಿ ಬಂದು ಮೈಕ್ ಆಫ್ ಮಾಡಿ ಎನ್ನುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಬಾಡಿಗೆ ಕೊಡುವವರು ಅವರು. ಸೀಜನ್ ಹೊತ್ತಿನಲ್ಲಿ ಅಂಗಡಿಯ ಮೂವರು ಹುಡುಗರ ಸಂಬಳ ಅವರಿಂದಲೇ ಬರಬೇಕು. ಆಗ ನಾನು ಆಫ್ ಮಾಡುತ್ತೇನೋ ಇಲ್ಲವೋ, ಇಲ್ಲಿ ಕುಳಿತು ಹೇಳಲಾರೆ.