ಹೊಂಡಕ್ಕೆ ಬಿದ್ದು ಕಾರು ನಿಂತರೆ ಮೊದಲು ಮೂಗು, ಆಮೇಲೆ ಬಟನ್

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಹಾಸನದ ಕಡೆ, ಈಗಿರೋದು ಅಮೆರಿಕದ ಮಿಷಿಗನ್‌ನಲ್ಲಿ. ಬಹಳ ದಿನದ ಆಸೆ ಅಂತ 2001ರ ಫೋರ್ಡ್ ಮಸ್ಟಾಂಗ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಮೊನ್ನೆ ರಾತ್ರಿ ಕೆಲಸ ಮುಗಿಸಿ ಬರುವಾಗ ನೀರು ತುಂಬಿದ ಹೊಂಡ ಕಾಣಲಿಲ್ಲ. ಹಿಂದಿನ ಚಕ್ರ ದಡಾರನೆ ಬಿತ್ತು. ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಎಂಜಿನ್ ಆಫ್! ಲೈಟ್ ಉರಿಯುತ್ತೆ, ಸೆಲ್ಫ್ ಹೊಡೆದರೆ ಜೋರಾಗಿ ತಿರುಗುತ್ತೆ, ಸ್ಟಾರ್ಟ್ ಮಾತ್ರ ಆಗಲ್ಲ. ಟೋ ಮಾಡಿಸಿ ಮನೆಗೆ ತಂದಿದ್ದೇನೆ. ಡಿಕ್ಕಿಯಲ್ಲಿ ಒಂದು ಬಟನ್ ಇರುತ್ತೆ, ಒತ್ತಿದರೆ ಸಾಕು ಅಂತಾನೆ ಗೆಳೆಯ. ಒತ್ತಬಹುದಾ?

ಉತ್ತರ: ಬಟನ್ ಇರೋದು ನಿಜ. ಆದರೆ "ಒತ್ತಿದರೆ ಸಾಕು" ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಭಯ ಆಗುತ್ತದೆ. ಅದಕ್ಕೆ ಮೊದಲು ಒಂದು ಮಾತು ಕೇಳುತ್ತೇನೆ. ಕಾರನ್ನು ಈಗ ಎಲ್ಲಿ ನಿಲ್ಲಿಸಿದ್ದೀರಿ? ಮನೆಗೆ ಅಂಟಿಕೊಂಡ ಗ್ಯಾರೇಜ್ ಒಳಗಾದರೆ, ಇನ್ನೊಬ್ಬರನ್ನು ಕರೆದು ಮೊದಲು ಅದನ್ನು ಹೊರಗೆ ತಳ್ಳಿ. ಅಮೆರಿಕದ ಕೆಲವು ಮನೆಗಳಲ್ಲಿ ಗ್ಯಾಸ್ ವಾಟರ್ ಹೀಟರ್ ಗ್ಯಾರೇಜಿನಲ್ಲೇ ಇರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಳ್ಳುತ್ತದೆ. ಹೊರಗೆ ಚಳಿ ಇದೆ, ಏನಾಗಲ್ಲ ಅಂದ್ಕೋಬೇಡಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಪೆಟ್ರೋಲ್ ಆವಿಗೆ ಬೆಂಕಿ ಹತ್ತಬಹುದು.

ನಿಮ್ಮ ಕಾರಿನಲ್ಲಿ ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗಿದೆ, ಕರೆಂಟಿನಿಂದ ಓಡುತ್ತದೆ. ಪೈಪ್ ಒಡೆದಿದ್ದರೂ ಅದಕ್ಕೆ ಗೊತ್ತಾಗಲ್ಲ, ಒತ್ತಡದಲ್ಲಿ ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ. ಅದನ್ನು ತಡೆಯೋದಕ್ಕೇ ಇರೋದು ಇನರ್ಶಿಯಾ ಸ್ವಿಚ್, ಅಂದರೆ ಜೋರು ಏಟು ಬಿದ್ದರೆ ತಾನೇ ಆಫ್ ಆಗುವ ಸ್ವಿಚ್. ನಿಮ್ಮ ಗೆಳೆಯ ಹೇಳಿದ ಬಟನ್ ಇದರದ್ದೇ. ಒಳಗಿರೋದು ತುಂಬ ಸರಳ. ಸಣ್ಣ ಬಟ್ಟಲಿನಂಥ ಜಾಗ, ಅದರ ತಳದಲ್ಲಿ ಒಂದು ಉಕ್ಕಿನ ಗುಂಡು, ಗುಂಡನ್ನು ಹಿಡಿದುಕೊಂಡಿರುವ ಅಯಸ್ಕಾಂತ. ಜೋರಾಗಿ ಏಟು ಬಿದ್ದರೆ ಗುಂಡು ಅಯಸ್ಕಾಂತದ ಹಿಡಿತ ಬಿಡಿಸಿಕೊಂಡು ಬಟ್ಟಲಿನ ಅಂಚಿಗೆ ಏರಿ, ಮೇಲಿನ ತಗಡಿಗೆ ಬಡಿಯುತ್ತದೆ. ಕರೆಂಟ್ ಕಟ್ ಆಗುತ್ತದೆ, ಪಂಪ್ ನಿಲ್ಲುತ್ತದೆ, ಬಟನ್ ಮೇಲಕ್ಕೆ ಹಾರುತ್ತದೆ. ಆ ಏಟು ಲಾರಿಯದೋ ಹೊಂಡದ್ದೋ ಅಂತ ಗುಂಡಿಗೇನು ಗೊತ್ತು? ಚಳಿಗಾಲ ಮುಗಿಯುವ ಹೊತ್ತಿಗೆ ಮಿಷಿಗನ್ ರಸ್ತೆಗಳ ಬಿರುಕಿನಲ್ಲಿ ನೀರು ಇಳಿದು, ಹೆಪ್ಪುಗಟ್ಟಿ, ಮತ್ತೆ ಕರಗಿ, ಡಾಂಬರು ಕಿತ್ತು ಬರುತ್ತದಲ್ಲ, ಅಂಥ ಹೊಂಡದ ಏಟು ಸಾಕು. ಇಂಥ ಹಳೆಯ ಕಾರಿನ ಮಾಲೀಕರಲ್ಲಿ ಕೆಲವರು ಬ್ಯಾಟರಿ ಬದಲಿಸಿ, ಸ್ಟಾರ್ಟರ್ ಬಿಚ್ಚಿಸಿ ದುಡ್ಡು ಕಳೆದುಕೊಂಡ ಮೇಲೆ ಈ ಬಟನ್ ಬಗ್ಗೆ ತಿಳಿಯುತ್ತಾರೆ.

ಈಗ ಕೆಲಸಕ್ಕೆ ಬನ್ನಿ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಡಿಕ್ಕಿ ತೆರೆದ ಕೂಡಲೇ ಬಗ್ಗಿ ಮೂಸಿ ನೋಡಿ. ಟ್ಯಾಂಕ್ ಇರೋದು ಅದರ ಅಡಿಯಲ್ಲೇ. ಕಾರ್ಪೆಟ್ ಎತ್ತಿ ಮತ್ತೊಮ್ಮೆ ಮೂಸಿ. ಆಮೇಲೆ ಟಾರ್ಚ್ ಹಿಡಿದು ಕಾರಿನ ಕೆಳಗೆ ನೋಡಿ. ಟ್ಯಾಂಕಿನ ತಳ, ಅದನ್ನು ಹಿಡಿದಿರುವ ಎರಡು ಪಟ್ಟಿ, ಫ್ಯೂಯಲ್ ಫಿಲ್ಟರ್‌ನ ಎರಡೂ ತುದಿ, ಪೈಪ್ ಕ್ಲಿಪ್‌ಗಳು. ಹಿಮ ಕರಗಿ ನೀರು ತೊಟ್ಟಿಕ್ಕುತ್ತಿದ್ದರೆ ಗೊಂದಲ ಆಗುತ್ತದೆ. ಆಗ ಒಂದು ರಟ್ಟು ಹಾಸಿ, ಹನಿ ಬಿದ್ದ ಜಾಗ ಮೂಸಿ. ನೀರಾದರೆ ವಾಸನೆ ಇರಲ್ಲ. ಪೆಟ್ರೋಲ್ ಆದರೆ ಒಣಗಿದ ಮೇಲೂ ಘಮ್ಮಂತ ಬಡಿಯುತ್ತದೆ. ಒಂಚೂರು ವಾಸನೆ ಬಂದರೂ ಅಲ್ಲಿಗೇ ನಿಲ್ಲಿಸಿ, ಮೆಕ್ಯಾನಿಕ್ಕನ್ನು ಕರೆಸಿ. ಬಟನ್ ಮುಟ್ಟಬೇಡಿ.

ವಾಸನೆ ಇಲ್ಲ ಅಂತ ಖಾತ್ರಿ ಆಯ್ತಾ? ಡಿಕ್ಕಿಯ ಎಡಬದಿಯಲ್ಲಿ, ಹಿಂದಿನ ಲೈಟಿನ ಹತ್ತಿರ, ಬದಿಯ ಹೊದಿಕೆಯ ಹಿಂದೆ ಕೈ ಹಾಕಿ. ಸಣ್ಣ ಡಬ್ಬಿ, ಅದರ ನೆತ್ತಿಯ ಮೇಲೆ ಬಟನ್. ಮೇಲಕ್ಕೆದ್ದಿದ್ದರೆ ಬೆರಳಿಗೆ ಗೊತ್ತಾಗುತ್ತದೆ. ಒತ್ತಿದರೆ ಕೆಳಗೆ ಕೂರಬೇಕು. ಈಗ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಹಿಂದಿನಿಂದ ಒಂದೆರಡು ಸೆಕೆಂಡ್ "ಗುಂಯ್" ಅಂತ ಪಂಪ್ ಸದ್ದು ಬಂದು ನಿಲ್ಲುತ್ತದೆ. ಕೀ ಆಫ್ ಮಾಡಿ ಇನ್ನೊಮ್ಮೆ ಕೆಳಗೆ ನೋಡಿ. ಸುಮಾರು ಜನ ಬಿಡೋದು ಈ ಎರಡನೇ ಸಲದ ನೋಟವನ್ನೇ. ಪೈಪಿನಲ್ಲಿ ಒತ್ತಡ ಬಂದ ಮೇಲಷ್ಟೇ ಸೋರುವ ಬಿರುಕುಗಳಿರುತ್ತವೆ. ಎಲ್ಲೂ ಹನಿ ಕಾಣದಿದ್ದರೆ ಮಾತ್ರ ಸ್ಟಾರ್ಟ್ ಮಾಡಿ.

ಪಂಪ್ ಸದ್ದೇ ಬರಲಿಲ್ಲ ಅಂದರೆ ಫ್ಯೂಸ್ ನೋಡಿ, ಸ್ವಿಚ್ಚಿಗೆ ಬರುವ ವೈರ್ ಸಾಕೆಟ್ ಕಪ್ಪಾಗಿದೆಯಾ ನೋಡಿ. ಸದ್ದು ಬಂದೂ ಸ್ಟಾರ್ಟ್ ಆಗದೆ, ಡ್ಯಾಶ್‌ಬೋರ್ಡಿನಲ್ಲಿ ಥೆಫ್ಟ್ ಲೈಟ್ (ಕಳ್ಳತನ ತಡೆಯುವ ವ್ಯವಸ್ಥೆಯ ದೀಪ) ಪಟಪಟ ಮಿಟುಕುತ್ತಿದ್ದರೆ ತೊಂದರೆ ಕೀಯದ್ದು ಅಥವಾ ಕೀ ಗುರುತಿಸುವ ವ್ಯವಸ್ಥೆಯದ್ದು, ಸ್ವಿಚ್ಚಿನದಲ್ಲ. ಏಟೇ ಬೀಳದೆ ಬಟನ್ ಪದೇ ಪದೇ ಹಾರಿದರೆ ಸ್ವಿಚ್ ಹೊಸದು ಹಾಕಿಸಿ. ಎರಡು ವೈರ್ ಸೇರಿಸಿ ಸುತ್ತಿ ಬಿಡೋ ಬುದ್ಧಿವಂತರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ, ಮಾಡಲು ಬಿಡಲೂ ಬೇಡಿ. ಹಾಗೇ ಹೊಂಡಕ್ಕೆ ಬಿದ್ದ ಟೈರಿನ ಒಳಮೈಯನ್ನೂ ಕೈಯಿಂದ ಸವರಿ ನೋಡಿ. ಉಬ್ಬು ಸಿಕ್ಕರೆ ಆ ಟೈರಿನಲ್ಲಿ ಹೈವೇ ಹತ್ತಬೇಡಿ.

ಪ್ರಶ್ನೆ: ನನ್ನದು ಬೆಂಗಳೂರಿನಲ್ಲಿ 2016ರ ಮಸ್ಟಾಂಗ್ ಜಿಟಿ. ಇದರಲ್ಲಿ ಆ ಬಟನ್ ಎಲ್ಲಿದೆ? ಎಷ್ಟು ಹುಡುಕಿದರೂ ಸಿಗ್ತಿಲ್ಲ.

ಉತ್ತರ: ಹುಡುಕೋದು ಬಿಡಿ, ಇಲ್ಲ. ನಿಮ್ಮ ಕಾರಿನಲ್ಲಿ ಆ ಕೆಲಸ ಕಂಪ್ಯೂಟರ್ ಮಾಡುತ್ತದೆ. ಕಾರು ಗುದ್ದಿದ್ದು ಸೆನ್ಸರ್‌ಗೆ ಗೊತ್ತಾದರೆ ಪಂಪನ್ನು ಅದೇ ನಿಲ್ಲಿಸುತ್ತದೆ. ವಾಪಸ್ ತರೋದು ಸ್ಟಾರ್ಟ್ ಬಟನ್ನಿನಿಂದಲೇ. ಆಫ್ ಮಾಡಿ, ಬ್ರೇಕ್ ಒತ್ತಿ ಸ್ಟಾರ್ಟ್ ಕೊಡಿ, ಬ್ರೇಕಿನಿಂದ ಕಾಲು ತೆಗೆದು ಮತ್ತೆ ಆಫ್ ಮಾಡಿ, ಆಮೇಲೆ ಇನ್ನೊಮ್ಮೆ ಬ್ರೇಕ್ ಒತ್ತಿ ಸ್ಟಾರ್ಟ್ ಕೊಡಿ. ಓನರ್ಸ್ ಮ್ಯಾನುಯಲ್‌ನಲ್ಲಿ ಈ ಪುಟ ಇದೆ, ಒಮ್ಮೆ ಓದಿಟ್ಟುಕೊಳ್ಳಿ. ಮೂಸಿ ನೋಡುವ ಕೆಲಸ ನಿಮಗೂ ತಪ್ಪಿದ್ದಲ್ಲ. ಈ ಕಾರಿನ ಹೊಟ್ಟೆ ತಗ್ಗು, ನಮ್ಮ ಹಂಪ್‌ಗಳಿಗೆ ಉಜ್ಜುತ್ತದೆ. ಏರ್‌ಬ್ಯಾಗ್ ಒಡೆದಿದ್ದರಂತೂ ಸ್ಟಾರ್ಟ್ ಮಾಡಲು ಹೋಗಲೇಬೇಡಿ. ಎಲ್ಲರೂ ಇಳಿದು ದೂರ ನಿಂತು, ಟೋ ಗಾಡಿಗೆ ಫೋನ್ ಮಾಡಿ.