ಮೀನು ಹಿಡಿಯುವ ದಿನಗಳನ್ನು ಕಡಿಮೆ ಮಾಡಿದರೆ ಸಾಲದೇ? ಕೋಟಾ, ಅಂದರೆ ಯಾರು ಎಷ್ಟು ಮೀನು ಹಿಡಿಯಬಹುದು ಎಂಬ ಪಾಲು, ಯಾಕೆ ಬೇಕು?

ದಿನ ಕಡಿಮೆ ಮಾಡಿದರೆ ಮೀನು ಸ್ವಲ್ಪ ಉಳಿಯಬಹುದು, ಆದರೆ ಪೈಪೋಟಿ ನಿಲ್ಲುವುದಿಲ್ಲ. ಕಡಲಿನ ಮೀನು ಹಿಡಿಯುವವರೆಗೂ ಯಾರದ್ದೂ ಅಲ್ಲ. ನಾನು ಇವತ್ತು ಬಿಟ್ಟದ್ದು ನಾಳೆ ಪಕ್ಕದ ದೋಣಿಗೆ ಸಿಗುತ್ತದೆ ಅಂತ ಗೊತ್ತಿರುವಾಗ ಯಾರು ತಾನೇ ಬಿಡುತ್ತಾರೆ?

ಅಲಾಸ್ಕಾದ ಹ್ಯಾಲಿಬಟ್ ಮೀನನ್ನೇ ನೋಡಿ. ಒಟ್ಟು ಎಷ್ಟು ಹಿಡಿಯಬಹುದು ಅಂತ ಮಿತಿ ಇತ್ತು, ಯಾರಿಗೆ ಎಷ್ಟು ಅಂತ ಇರಲಿಲ್ಲ. ದೋಣಿಗಳು ಹೆಚ್ಚಿದಷ್ಟೂ ದಿನಗಳು ಕಡಿಮೆಯಾದವು. 1990ರ ದಶಕದ ಆರಂಭಕ್ಕೆ ಹೆಚ್ಚಿನ ಕಡೆ ವರ್ಷಕ್ಕೆ ಎರಡು ಮೂರು ದಿನವಷ್ಟೇ. ಗಾಳಿ ಜೋರಿದ್ದರೂ ಹೊರಡಲೇಬೇಕು. ಎಳೆದುಕೊಳ್ಳಲು ಪುರುಸೊತ್ತಿಲ್ಲದೆ ಗಾಳದ ಹಗ್ಗ ಕತ್ತರಿಸಿ ಬರುತ್ತಿದ್ದರು. ಅದರಲ್ಲಿ ಸಿಕ್ಕ ಮೀನು ಅಲ್ಲೇ ಸಾಯುತ್ತಿತ್ತು. ಎಲ್ಲರ ಮೀನೂ ಒಟ್ಟಿಗೇ ದಡಕ್ಕೆ ಬಂದು, ಹೆಚ್ಚಿನದು ಫ್ರೀಜರ್ ಸೇರುತ್ತಿತ್ತು.

1995ರಲ್ಲಿ ಆ ಮಿತಿಯನ್ನೇ ಪಾಲು ಮಾಡಿ ಹಂಚಿದರು. ಪಾಲನ್ನು ಮಾರಲೂಬಹುದು. ಸೀಸನ್ ಸುಮಾರು ಎಂಟು ತಿಂಗಳಿಗೆ ಹಿಗ್ಗಿತು. ತಾಜಾ ಮೀನಿಗೆ ಒಳ್ಳೆ ಬೆಲೆ ಬಂತು.

ಆದರೆ ಮೊದಲು ಪಾಲು ಪುಕ್ಕಟೆ ಸಿಕ್ಕಿದ್ದು ದೋಣಿ ಮಾಲೀಕರಿಗೆ, ದುಡಿಯುವವರಿಗಲ್ಲ. ಕೆಲವರು ಪಾಲು ಮಾರಿಬಿಟ್ಟು ದೋಣಿ ಕಡಿಮೆಯಾದಂತೆ ದುಡಿಯುವವರ ಕೆಲಸವೂ ಹೋಯಿತು. ಇದು ಅನ್ಯಾಯ ಅಂತಲೇ ನನಗನಿಸುತ್ತದೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಅದು ಬೇಕೇ ಬೇಕು, ಆದರೆ ಆಗಸ್ಟ್‌ನಲ್ಲಿ ಮತ್ತೆ ಅದೇ ಪೈಪೋಟಿ ಅಲ್ವಾ? ಹಾಗಂತ ಅಲಾಸ್ಕಾದ ಕೋಟಾ ಇಲ್ಲಿಗೆ ಸುಲಭವಾಗಿ ಹೊಂದುವುದಿಲ್ಲ. ಒಂದೇ ಬಲೆಗೆ ಹತ್ತಾರು ಜಾತಿಯ ಮೀನು ಬೀಳುವಾಗ ಒಂದೊಂದಕ್ಕೂ ಲೆಕ್ಕ ಇಡುವುದು ಕಷ್ಟ. ಬಲೆಯ ಕಣ್ಣು ದೊಡ್ಡದಿರಬೇಕು, ಹೊಸ ದೋಣಿಗಳ ಲೈಸೆನ್ಸ್‌ಗೆ ಮಿತಿ ಇರಬೇಕು ಎಂಬ ನಿಯಮಗಳೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತವೆ.